ಗಮ್ ಬಿಟ್ಟಿದೆ ಅಂದರು

ಬಲಗಡೆ ಕೆಳದವಡೆಯಲ್ಲಿ ನನಗೆ ಹಲ್ಲಿಲ್ಲ. ಅಗಿಯುವುದೆಲ್ಲ ಎಡಗಡೆಯೇ. ಅಲ್ಲಿ ಎರಡು ಹಲ್ಲಿಗೆ ಕ್ಯಾಪ್ ಹಾಕಿಸಿ ಐದು ವರ್ಷವಾಯಿತು. ಅವೂ ಹೋದರೆ ಹಲ್ಲು ಕಟ್ಟಿಸಬೇಕು, ಇಲ್ಲ ಗಂಜಿ ಕುಡಿಯಬೇಕು. ನಮ್ಮತ್ತೆ ಕೊನೆಗಾಲದಲ್ಲಿ ಚಕ್ಕುಲಿಯನ್ನು ಪುಡಿ ಮಾಡಿಸಿಕೊಂಡು ತಿನ್ನುತ್ತಿದ್ದರು. ಕುಟ್ಟಿಕೊಡುತ್ತಿದ್ದವಳು ನಾನೇ, ಗೊಣಗಿಕೊಂಡೇ ಕುಟ್ಟುತ್ತಿದ್ದೆ. ನನಗೆ ಯಾರೂ ಹಾಗೆ ಕುಟ್ಟಿಕೊಡುವುದು ಬೇಡ.

ಎರಡು ತಿಂಗಳ ಹಿಂದೆ, ಮಗಳ ಬಲವಂತಕ್ಕೆ, ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯಲ್ಲೇ ಇರುವ ಹಲ್ಲಿನ ಡಾಕ್ಟರ ಹತ್ತಿರ ಕ್ಲೀನಿಂಗ್‌ಗೆ ಹೋದೆ. ಮಗಳ ವಯಸ್ಸಿನ ಹೆಂಗಸು. ಮೆಷಿನ್ನು ಕಿರ್ ಎಂದು ಕೂಗುತ್ತ, ನೀರು ಚಿಮ್ಮಿಸುತ್ತ, ಹಲ್ಲಿಗೆ ಕಟ್ಟಿದ್ದ ಪಾಚಿಯನ್ನೆಲ್ಲ ಕೆರೆದು ತೆಗೆಯಿತು. ಎದ್ದು ಉಗಿದರೆ ರಕ್ತ.

"ಕ್ಯಾಪ್ ಸುತ್ತ ಗಮ್ ಸ್ವಲ್ಪ ಬಿಟ್ಟಿದೆ ಅಜ್ಜಿ," ಎಂದರು ಡಾಕ್ಟರು. "ನಾಲ್ಕೈದು ದಿನ ನೋವಿರುತ್ತೆ. ಉಪ್ಪುನೀರಲ್ಲಿ ಮುಕ್ಕಳಿಸಿ. ಮೆತ್ತಗಿರೋ ಬ್ರಷ್ಷಲ್ಲಿ ಉಜ್ಜೋದು ಮಾತ್ರ ಬಿಡ್ಬೇಡಿ."

ಮಗಳು ಆಗ ಹೊರಗೆ ಫೋನಿನಲ್ಲಿದ್ದಳು.

ಗಮ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಇಪ್ಪತ್ತೆರಡು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ನೋಟ್‌ಬುಕ್ಕಿನ ಬೆನ್ನಿಗೆ ಗಮ್ ಹಚ್ಚಿದವಳು ನಾನು. ಕ್ಯಾಪನ್ನೂ ಬಿಳಿ ಅಂಟು ಕಲಸಿ ಒತ್ತಿ ಕೂರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಆ ಗಮ್ಮೇ ಬಿಟ್ಟಿದೆ ಎಂದುಕೊಂಡೆ. ಗಮ್ ಬಿಟ್ಟ ಪುಸ್ತಕಕ್ಕೆ ನೀರು ತಾಗಿಸಬಾರದು, ಎಳೆದಾಡಬಾರದು, ಭಾರ ಹೇರಿ ಒಣಗಲು ಬಿಡಬೇಕು. ಈಕೆ ಉಪ್ಪುನೀರು, ಬ್ರಷ್ಷು ಅನ್ನುತ್ತಾಳಲ್ಲ, ತನ್ನ ಕೆಲಸ ತನಗೇ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಬೈದೆ. ಬಾಯಲ್ಲಿ ಇಡೀ ದಿನ ಎಂಜಲಿರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಎಡಗಡೆಗೆ ಬ್ರಷ್ ಮುಟ್ಟಿಸಲಿಲ್ಲ. ಮುಕ್ಕಳಿಸಲಿಲ್ಲ. ಒತ್ತಿ ಹಿಡಿದರೆ ಅಂಟೀತು ಎಂದು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ. ನಾಲ್ಕು ದಿನದ ನೋವು ಇಪ್ಪತ್ತು ದಿನವಾದರೂ ಇಳಿಯಲಿಲ್ಲ. ಬಿಸಿ ಕಾಫಿ ತಾಗಿದರೆ ಕಿವಿಯವರೆಗೆ ಎಳೆಯುತ್ತಿತ್ತು. ವಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತು. ಬಾಯಿ ನಾರುವುದನ್ನು ಮಗಳೇ ಕಂಡುಹಿಡಿದಳು.

"ಅಮ್ಮ, ಹಲ್ಲುಜ್ತಿದೀಯಾ ಇಲ್ವಾ?"

"ಉಜ್ಜಿದ್ರೆ ಕ್ಯಾಪ್ ಬಿದ್ಹೋಗುತ್ತೆ. ಗಮ್ ಬಿಟ್ಟಿದೆ ಅಂದ್ರಲ್ಲ ಡಾಕ್ಟ್ರು."

ಅವಳು ನನ್ನ ಮುಖವನ್ನೇ ನೋಡಿದಳು. "ಇಂಗ್ಲಿಷಲ್ಲಿ ವಸಡಿಗೆ ಗಮ್ ಅಂತಾರೆ ಕಣಮ್ಮ! ನೀನೇನ್ ನೋಟ್‌ಬುಕ್ಕಾ, ಅಂಟು ಬಿಡೋಕೆ?"

"ಹಂಗಾದ್ರೆ ವಸಡು ಅಂತ್ಲೇ ಹೇಳಕ್ಕೇನಾಗಿತ್ತು ಆ ಯಮ್ಮಂಗೆ?"

"ಕೇಳಕ್ಕೇನಾಗಿತ್ತು ನಿಂಗೆ?"

ನಾಲ್ಕನೇ ಕ್ಲಾಸಿಗೇ ಬಿಟ್ಟವಳು ನಾನು. ದಡ್ಡಿ ಅಂದುಕೊಂಡಾರು ಎಂದು ತಿಳಿಯದ್ದನ್ನು ಕೇಳದೆ, ತಲೆಯಾಡಿಸಿ ಬರುವುದು ಹಳೇ ಚಾಳಿ.

ಮಾರನೆಯ ದಿನ ಮಗಳು ಎಳೆದುಕೊಂಡು ಹೋದಳು. ಕಥೆ ಕೇಳಿ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಬಾಯೊಳಗೆ ನೋಡಿದ ಮೇಲೆ ನಗು ನಿಂತಿತು. ಸಣ್ಣ ಕಡ್ಡಿಯಿಂದ ಕ್ಯಾಪಿನ ಸುತ್ತ ಚುಚ್ಚಿ ನೋಡಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ಉಳಿಯುತ್ತೋ ಇಲ್ವೋ, ಅಷ್ಟು ಹೇಳಿ ಡಾಕ್ಟ್ರೇ."

"ಹಿಂದಿಂದು ಉಳಿಯುತ್ತೆ ಅಜ್ಜಿ. ಮುಂದಿಂದು ಹೇಳಕ್ಕಾಗಲ್ಲ. ಬೇರು ಕಾಣ್ತಿದೆ. ಇಳಿದ ವಸಡು ತಾನಾಗೇ ಮೇಲಕ್ಕೆ ಬರಲ್ಲ."

ಅಂದಿನಿಂದ ದಿನಕ್ಕೆ ಮೂರು ಸಲ ಉಪ್ಪುನೀರು, ಎರಡು ಸಲ ಬ್ರಷ್ಷು. ಊತ ಇಳಿಯಿತು. ಹಿಂದಿನ ಕ್ಯಾಪಿನ ನೋವೂ ಹೋಯಿತು. ಆದರೆ ನೆನ್ನೆ ಮಧ್ಯಾಹ್ನ ಹುರುಳಿಕಾಯಿ ಪಲ್ಯ ಅಗಿಯುವಾಗ ಮುಂದಿನದು ಅಲ್ಲಾಡಿತು. ನಾಲಿಗೆಯಿಂದ ತಳ್ಳಿ ನೋಡಿದೆ. ಮತ್ತೆ ಅಲ್ಲಾಡಿತು.

ಈ ಸಲ ಮುಚ್ಚಿಡಲಿಲ್ಲ, ಮಗಳಿಗೆ ಹೇಳಿದೆ. ಅವಳು ಊಟದ ತಟ್ಟೆ ಬಿಟ್ಟು ಎದ್ದು ಬಂದು, ಫೋನಿನ ಬೆಳಕು ಹಿಡಿದು ನೋಡಿದಳು. "ನಾಳೆ ಬೆಳಿಗ್ಗೆನೇ ಹೋಗೋಣ," ಎಂದಳು, ಅಷ್ಟೇ. ಬೈಯಲಿಲ್ಲ. ಅವಳು ಬೈಯದೇ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.