ತಿರಕಪ್ಪ ಬಿಟ್ಟ ದಾರಿ

ಲಕ್ಕುಂಡಿಯ ತಿರಕಪ್ಪನಿಗೆ ಹಾರ್ನ್ ಹೊಡೆಯಲು ಬರುತ್ತದೆ ಎಂದರೆ ಅವನ ಹೆಂಡತಿ ಹುಚ್ಚವ್ವನೇ ನಂಬುತ್ತಿರಲಿಲ್ಲ. ಊರಿನ ಬದನೆಕಾಯಿ, ಮೆಣಸಿನಕಾಯಿಯನ್ನು ಮೂರು ಗಾಲಿಯ ಟಂಟಂನಲ್ಲಿ ಹೇರಿಕೊಂಡು ದಿನಾ ಬೆಳಿಗ್ಗೆ ಗದಗಿನ ಪೇಟೆಗೆ ಇಳಿಸಿ ಬರುವವನು ಅವನು. ಹಿಂದೆ ಯಾರಾದರೂ ಅವಸರದಲ್ಲಿದ್ದಾರೆಂದು ಕಂಡರೆ ಸಾಕು, ಗಾಡಿ ಬದಿಗೆ ಸರಿಸಿ, ಕೈ ಹೊರಗೆ ಚಾಚಿ, ಹೋಗಿ ಎಂದು ಬೀಸುತ್ತಿದ್ದ. ಮನೆ ಪಾಲಾದಾಗ ರಸ್ತೆ ಕಡೆಯ ಪಾಲನ್ನು ತಮ್ಮನಿಗೆ ಬಿಟ್ಟು ಹಿತ್ತಲ ಕಡೆಯದನ್ನು ಇಟ್ಟುಕೊಂಡವನೂ ಇವನೇ.

"ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ," ಎಂದು ಹುಚ್ಚವ್ವ ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು. ತಿರಕಪ್ಪ ನಕ್ಕು ಸುಮ್ಮನಾಗುತ್ತಿದ್ದ. ನಗುವುದಕ್ಕೂ ಒಂದು ವಯಸ್ಸಿದೆ. ಐವತ್ತೈದು ದಾಟಿದ ಮೇಲೆ ಬರೀ ಸುಮ್ಮನಾಗತೊಡಗಿದ.

ಹೀಗಿರುವಾಗ ಪೇಟೆಯ ಬಾಯಲ್ಲಿ ಏಳುವ ಕಂಬ ಬಂತು. ನೆಲದೊಳಗಿಂದ ಮೇಲೆದ್ದು ದಾರಿ ಕಟ್ಟುವ ಕಬ್ಬಿಣದ ಕಂಬ. ಪಾಸು ಅಂಟಿಸಿದ ಗಾಡಿ ಹತ್ತಿರ ಬಂದರೆ ಅದು ತಾನಾಗಿ ಕೆಳಗಿಳಿಯುತ್ತದೆ, ಒಂದು ಗಾಡಿ ದಾಟಿದೊಡನೆ ಮತ್ತೆ ಏಳುತ್ತದೆ. ಒಂದು ಪಾಸಿಗೆ ಒಂದೇ ಗಾಡಿ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುವುದು ನಮ್ಮ ಜನರ ರೂಢಿ, ಆ ಗಾದೆ ಕಂಬಕ್ಕೆ ಗೊತ್ತಿರಲಿಲ್ಲ. ಮುಂದಿನವನ ಬೆನ್ನು ಹತ್ತಿ ನುಗ್ಗಿದವರೆಲ್ಲ ಗಾಡಿಯ ಹೊಟ್ಟೆ ಹರಿದುಕೊಂಡರು. ಜನ ಕಂಬಕ್ಕೆ ಬೈದರು, ಬೈದು ಮತ್ತೆ ನುಗ್ಗಿದರು.

ಕಾಯಿಪಲ್ಲೆಯ ಗಾಡಿಯೆಂದು ತಿರಕಪ್ಪನಿಗೆ ಪಾಸು ಸಿಕ್ಕಿತ್ತು. ಆ ದಿನ ಕಂಬ ಇಳಿಯುತ್ತಿದ್ದಂತೆ ಹಿಂದಿನಿಂದ ಹೆಂಗಸೊಬ್ಬಳು ಚೀರುವುದು ಕೇಳಿತು. ಹೊರಳಿ ನೋಡಿದರೆ ಬೆಟಗೇರಿಯ ಅಬ್ದುಲಗನಿಯ ಪಾಸಿಲ್ಲದ ಆಟೊ, ಒಳಗೆ ಹೆರಿಗೆ ನೋವಿನ ಹೆಣ್ಣುಮಗಳು. ಹೆರಿಗೆ ಆಸ್ಪತ್ರೆ ಪೇಟೆಯೊಳಗೇ ಇತ್ತು, ಸುತ್ತಿ ಹೋದರೆ ತಡವಾಗುತ್ತಿತ್ತು. ತಿರಕಪ್ಪ ಯೋಚಿಸಲಿಲ್ಲ. ಗಾಡಿ ಬದಿಗೆ ಒತ್ತಿ ಕೈ ಬೀಸಿದ. ಆಟೊ ದಾಟಿತು. ಕಂಬ ಇನ್ನೂ ಕೆಳಗೇ ಇದೆಯಲ್ಲ ಎಂದುಕೊಂಡು ತಾನೂ ಹೊರಟ. ಕಂಬದ ಲೆಕ್ಕದಲ್ಲಿ ಅವನ ಪಾಲಿನ ಗಾಡಿ ಆಗಲೇ ದಾಟಿಯಾಗಿತ್ತು. ಅದು ಎದ್ದಿತು. ಟಂಟಂ ಮುಂಗಾಲೆತ್ತಿದ ಎತ್ತಿನಂತೆ ನಿಂತಿತು, ಬದನೆಕಾಯಿ ರಸ್ತೆ ತುಂಬ ಉರುಳಿದವು.

ಆಸ್ಪತ್ರೆಯಲ್ಲಿ ಮಗು ಸುಖವಾಗಿ ಹುಟ್ಟಿತು. ಟಂಟಂ ಮಾತ್ರ ಗ್ಯಾರೇಜಿನ ಮೂಲೆ ಸೇರಿತು. ತಿರಕಪ್ಪ ಬುಟ್ಟಿಗಳನ್ನು ಬಸ್ಸಿಗೆ ಹತ್ತಿಸಿದ, ಇಳಿಸಿದ, ತಲೆಯ ಮೇಲೆ ಹೊತ್ತ. ರಾತ್ರಿ ಮಗ್ಗುಲು ಬದಲಿಸಲಾಗದಷ್ಟು ಸೊಂಟ ಹಿಡಿಯುತ್ತಿತ್ತು. ಒಳ್ಳೆಯವನಾಗಿರುವುದು ಸಾಕಾಗಿದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಕೊನೆಗೆ ಕಂಬ ಕೂರಿಸಿದ ಕಂಪನಿಯವರು ತಿರಕಪ್ಪನನ್ನೂ ಅಬ್ದುಲಗನಿಯನ್ನೂ ವಿಚಾರಣೆಗೆ ಕರೆದರು. ಅಲ್ಲಿನ ಸೋಮೇಶ ಎಂಬ ಎಂಜಿನಿಯರ್ ಕೆಟ್ಟವನಲ್ಲ, ನಿಯಮದವನು.

"ಕ್ಯಾಮೆರಾದಾಗ ಆಟೊ ಮುಂದ ಹೋಗಿದ್ದು ಕಾಣತೈತ್ರಿ, ನೀವು ಕೈ ಮಾಡಿದ್ರೋ ಇಲ್ಲೋ ಕಾಣಂಗಿಲ್ಲ. ಅಂವ ತಾನಽ ನುಗ್ಗಿದ್ರ ನಿಮ್ಮ ಗಾಡಿ ನಾವು ರಿಪೇರಿ ಮಾಡಸ್ತೇವಿ. ನೀವಽ ಬಿಟ್ಟಿದ್ರ ತಪ್ಪು ನಿಮ್ದು, ಪಾಸೂ ಹೋಗತೈತಿ."

ತಿರಕಪ್ಪ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಅಬ್ದುಲಗನಿ ಅಂದ: "ನಾನಽ ನುಗ್ಗಿದೆ ಸಾಹೇಬ್ರ. ಕಾಕಾಂದು ಏನೂ ತಪ್ಪಿಲ್ಲ."

ಸೋಮೇಶ ತಿರಕಪ್ಪನ ಕಡೆ ನೋಡಿದ. "ಖರೇ ಏನ್ರಿ?"

ಅಲ್ಲ ಎನ್ನುವುದು ಎಷ್ಟು ಹೊತ್ತಿನ ಕೆಲಸ? ತಿರಕಪ್ಪ ನೆಲ ನೋಡುತ್ತ, "ಹೂಂ," ಅಂದ.

ಟಂಟಂ ರಿಪೇರಿಯಾಗಿ ಬಂತು. ಪಾಸಿಲ್ಲದೆ ನುಗ್ಗಿದ್ದಕ್ಕೆ ಅಬ್ದುಲಗನಿಯ ಆಟೊವನ್ನು ಪೊಲೀಸರು ಮೂರು ತಿಂಗಳು ಹಿಡಿದಿಟ್ಟರು. ಅವನು ಕೂಲಿಗೆ ಹೋಗುತ್ತಿದ್ದಾನೆಂದು ತಿರಕಪ್ಪನ ಕಿವಿಗೆ ಬಿತ್ತು. ಕೇಳಿಯೂ ಕೇಳದವನಂತೆ ಇದ್ದುಬಿಟ್ಟ.

ಒಂದು ಮುಂಜಾನೆ ಪೇಟೆಯ ದಾರಿಯಲ್ಲಿ ಅಬ್ದುಲಗನಿಯ ತಾಯಿ ಫಕೀರಬಿ ಮಾರುವ ಬಳೆಯ ಗಂಟು ಹೊತ್ತು ನಡೆದು ಹೋಗುತ್ತಿದ್ದಳು. ಮೊದಲೆಲ್ಲ ಮಗನೇ ಆಟೊದಲ್ಲಿ ತಂದು ಬಿಡುತ್ತಿದ್ದ. ತಿರಕಪ್ಪ ಗಾಡಿ ನಿಲ್ಲಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಮುದುಕಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

"ಗಾಡಿ ಚಲೋ ಆತೇನೋ ತಿರಕಪ್ಪಾ?"

"ಆತ್ ಬೇ."

"ನನ್ನ ಮಗಂದು ತಪ್ಪಾತಪಾ. ಹೊಟ್ಯಾಗ ಹಾಕ್ಕೋ. ಸಣ್ಣಾಂವ ಇದ್ದಾಗಿಂದ ಯಾರ ಮುಂದೂ ನುಗ್ಗಿದಾಂವಲ್ಲ. ನಿನ್ನಂಥಾಂವನ ಅನ್ನಕ್ಕ ಕಲ್ಲ ಹಾಕಿದ್ನಲ್ಲಾ ಅಂತ ಅವತ್ತಿಂದ ನಾ ಅವನ ಕೂಡ ಮಾತಾಡಿಲ್ಲ. ಊಟಾ ನೀಡತೇನಿ, ಎದ್ದ ಹೋಗತೇನಿ."

ತಿರಕಪ್ಪ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿದ.

"ನುಗ್ಗಿಲ್ಲ ಬೇ ಅಂವ. ನಾನಽ ಕೈ ಮಾಡಿ ಕಳ್ಸಿದ್ದೆ."

ಫಕೀರಬಿ ಅವನ ಮುಖವನ್ನೇ ನೋಡಿದಳು. "ಮತ್ತ ಅವತ್ತ ಯಾಕ ಹೇಳಲಿಲ್ಲೋ ಯಪ್ಪಾ?"

ಹೇಳಬಹುದಾದ ನೆಪಗಳು ಹತ್ತಾರಿದ್ದವು. ಒಂದೂ ನಿಜವಿರಲಿಲ್ಲ.

"ದಣದಿದ್ದೆ ಬೇ," ಅಂದ.

ಮುದುಕಿ ಗಂಟನ್ನು ಎದೆಗವಚಿಕೊಂಡು ಮೆಲ್ಲಗೆ ಇಳಿದಳು. ಪೇಟೆ ಇನ್ನೇನು ಕೂಗಳತೆಯಲ್ಲಿತ್ತು. ಅವಳು ಅತ್ತ ಹೋಗದೆ, ಬಂದ ದಾರಿಯಲ್ಲೇ ಬೆಟಗೇರಿಯ ಕಡೆಗೆ, ಮಗನಿದ್ದ ಮನೆಯ ಕಡೆಗೆ ಹೊರಟಳು.

"ಕುಂಡ್ರು ಬೇ, ನಾ ಬಿಟ್ಟ ಬರತೇನಿ," ಎಂದು ತಿರಕಪ್ಪ ಕೂಗಿದ.

"ಬ್ಯಾಡ ಬಿಡಪಾ," ಅಂದಳು ಫಕೀರಬಿ, ತಿರುಗದೆಯೇ. "ನೀ ದಣದೀ."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.