ಒಣಸಿಗಡಿಯ ಓವನ್ನಿನಲ್ಲಿ ಲಿಂಬೆ ಕೇಕು

ನಮ್ಮ ಮನೆಯ ಓವನ್ ಉಪಯೋಗಕ್ಕೆ ಬಾರದೆ ಮೂಲೆಯಲ್ಲಿ ಬಿದ್ದಿತ್ತು ಎಂದು ಯಾರೂ ಹೇಳುವ ಹಾಗಿರಲಿಲ್ಲ. ನಾವು ಅದನ್ನು ದಿನಾ ಬಳಸುತ್ತಿದ್ದೆವು. ಸ್ವಿಚ್ಚು ಮಾತ್ರ ಹಾಕುತ್ತಿರಲಿಲ್ಲ.

ಕಾವೂರಿನಲ್ಲಿ ಈ ಮನೆ ಕಟ್ಟಿ ಒಕ್ಕಲಾದಾಗ ದುಬೈಯಲ್ಲಿರುವ ನನ್ನ ಅಣ್ಣ ಮತ್ತು ಅತ್ತಿಗೆ ಕೊಟ್ಟ ಉಡುಗೊರೆ ಅದು. ಗಾಜಿನ ಬಾಗಿಲು, ಮೂರು ತಿರುಗುಗುಂಡಿ, ಒಳಗೆ ಹಳದಿ ದೀಪ. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಅದರ ಬಾಗಿಲನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದು ಬಗ್ಗಿ ನೋಡಿದರು. "ಒಳ್ಳೆಯದುಂಟು. ಇದಕ್ಕೆ ಬೆಕ್ಕು ಬಾಯಿ ಹಾಕ್ಲಿಕ್ಕೆ ಆಗುದಿಲ್ಲ" ಎಂದರು. ಅಂದಿನಿಂದ ಅದು ಒಣಮೀನಿನ ಕಪಾಟು. ಮೇಲಿನ ತಟ್ಟೆಯಲ್ಲಿ ಒಣಸಿಗಡಿ, ಕೆಳಗೆ ಉಪ್ಪು ಹಾಕಿ ಒಣಗಿಸಿದ ಬಂಗುಡೆ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದ ದಿನಗಳಿಗೆ ಇಡೀ ಮನೆಯ ಭದ್ರತೆ ಆ ಗಾಜಿನ ಬಾಗಿಲಿನ ಹಿಂದೆ ಇತ್ತು.

ಅತ್ತಿಗೆ ಫೋನ್ ಮಾಡಿದಾಗಲೆಲ್ಲ ತಪ್ಪದೆ ವಿಚಾರಿಸುತ್ತಿದ್ದರು: "ಓವನ್ ಹೇಗುಂಟು? ಯೂಸ್ ಮಾಡ್ತೀರಾ?"

"ದಿನಾ ಓಪನ್ ಮಾಡ್ತೇವೆ ಅತ್ತಿಗೆ."

ಸುಳ್ಳಲ್ಲ. ಆದರೆ ಸತ್ಯಕ್ಕೂ ಒಂದು ದಿನ ಬಿಲ್ಲು ಬರುತ್ತದೆ. ಕಳೆದ ಮೇ ತಿಂಗಳಲ್ಲಿ ಅವರು ರಜೆಗೆ ಬಂದವರೇ, "ಶನಿವಾರ ಅಮ್ಮನನ್ನು ಕರ್ಕೊಂಡು ನಿಮ್ಮಲ್ಲಿಗೆ ಬರ್ತೇನೆ. ಎಂತದೂ ಹೆಚ್ಚು ಮಾಡ್ಲಿಕ್ಕೆ ಹೋಗ್ಬೇಡ. ಒಂದು ಲೆಮನ್ ಬ್ಲೂಬೆರಿ ಲೋಫ್ ಮಾಡು, ಸಾಕು. ತುಂಬ ಸಿಂಪಲ್" ಎಂದರು.

ಅತ್ತಿಗೆಯ ಕೇಕುಗಳನ್ನು ನಾವೆಲ್ಲ ಇನ್‌ಸ್ಟಾಗ್ರಾಮಿನಲ್ಲಿ ಕಂಡವರು. ಬಿಳಿ ಕಲ್ಲಿನ ಮೇಜು, ಪಕ್ಕದಲ್ಲಿ ಒಂದು ಹೂವು, ಹಿಂದೆ ಮಸುಕಾಗಿ ಕಾಣುವ ಅವರ ಸುಖಜೀವನ. "ಇಲ್ಲ, ನನಗೆ ಬರುದಿಲ್ಲ" ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಇರಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅಳತೆ, ಉಷ್ಣತೆ, ಆಮ್ಲ, ಸೋಡಾ ಎಲ್ಲ ನನ್ನದೇ ಇಲಾಖೆ. ಒಂದು ಕೇಕು ಎಂತ ಮಹಾ ಎಂದುಕೊಂಡೆ.

ಯೂಟ್ಯೂಬಿನಲ್ಲಿ ಒಬ್ಬಳು ನಗುಮುಖದ ಹೆಂಗಸು ಸಿಕ್ಕಿದಳು. ಬೆಣ್ಣೆಯನ್ನು ರೂಮ್ ಟೆಂಪರೇಚರಿನಲ್ಲಿ ಇಟ್ಟು ಮೃದು ಮಾಡಿಕೊಳ್ಳಬೇಕು ಎಂದಳು. ಅವಳ ರೂಮು ಯಾವ ದೇಶದಲ್ಲಿತ್ತೋ. ಮಂಗಳೂರಿನ ಮೇ ತಿಂಗಳಲ್ಲಿ ಫ್ರಿಜ್ಜಿನಿಂದ ಬೆಣ್ಣೆ ತೆಗೆದು, ಚಮಚ ಹುಡುಕಿ ತಿರುಗುವುದರೊಳಗೆ ಅದು ತುಪ್ಪ ಆಗುವ ತಯಾರಿಯಲ್ಲಿತ್ತು. ಇನ್ನು ಮೇಣ ಹಚ್ಚದ, ಸಾವಯವ ಲೆಮನ್ ಬೇಕಂತೆ. ನನ್ನಲ್ಲಿದ್ದದ್ದು ಮಾರ್ಕೆಟಿನ ಸಾದಾ ಲಿಂಬೆ ಮತ್ತು ಒಂದು ಕಿತ್ತಳೆ. ಸಿಪ್ಪೆ ತುರಿಯಲು ಹೋಗಿ ಲಿಂಬೆಯ ಹಸಿರಿಗಿಂತ ನನ್ನ ಬೆರಳಿನ ಚರ್ಮವೇ ಹೆಚ್ಚು ತುರಿದುಹೋಯಿತು.

ಬೆರಿಯ ಕಥೆ ಬೇರೆಯೇ. ಸೂಪರ್ ಮಾರ್ಕೆಟಿನಲ್ಲಿ ಬ್ಲೂಬೆರಿ ಚಿನ್ನದಂಗಡಿಯ ಗತ್ತಿನಲ್ಲಿ ಗಾಜಿನ ಹಿಂದೆ ಕೂತಿತ್ತು. ಅಂಗೈಯಗಲದ ಡಬ್ಬಿ. ಮನೆಗೆ ತಂದು ನೋಡಿದರೆ ಮೇಲಿನ ಸಾಲು ಗಟ್ಟಿ, ಕೆಳಗಿನದು ಜಾಮು. ಉಳಿದದ್ದಕ್ಕೆ ಪಕ್ಕದ ಮನೆಯವರ ಗಿಡದಿಂದ ಹಿಪ್ಪುನೇರಳೆ ಕಿತ್ತು ತಂದೆ. ಅತ್ತೆ ಒಂದು ಬ್ಲೂಬೆರಿಯನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು.

"ಇದಕ್ಕೆ ರುಚಿ ಯಾವಾಗ ಬರುದು?"

"ಕೇಕಿಗೆ ಹಾಕಿದ ಮೇಲೆ ಬರ್ತದಂತೆ."

"ಹಾಗಾದ್ರೆ ಅದು ಕೇಕಿನ ರುಚಿ. ಇದರದ್ದಲ್ಲ."

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಗಂಡನ ಮನೆಯವರು ತಲೆತಲಾಂತರದಿಂದ ಕಡಲಿಗೆ ಹೋದವರು. ಮಾವ ದೋಣಿಯಲ್ಲಿ, ಅತ್ತೆ ಬುಟ್ಟಿಯಲ್ಲಿ. ಅತ್ತೆ ಬಹಳ ವರ್ಷ ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಕೂತು ಮೀನು ಮಾರಿದ್ದಾರೆ. ಮೊಣಕಾಲು ಕೈಕೊಟ್ಟ ಮೇಲೆ ಮಗ ಬಿಡಿಸಿದರು. ಮಗ ಈಗ ಮೀನು ರಫ್ತು ಮಾಡುವ ಕಂಪೆನಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವರು. ನನ್ನ ತವರು ಗದ್ದೆ ಇದ್ದವರ ಮನೆ. ಗದ್ದೆ ಹೋಗಿ ಬಹಳ ಕಾಲವಾಯಿತು, ಗದ್ದೆಯ ಗತ್ತು ಮಾತ್ರ ಭದ್ರವಾಗಿದೆ. ನಾವು ಇಬ್ಬರೂ ಮೆಚ್ಚಿ ಮದುವೆಯಾದಾಗ ನನ್ನ ತವರಿನವರು ಗಲಾಟೆ ಮಾಡಲಿಲ್ಲ. ನಮ್ಮವರು ಸುಸಂಸ್ಕೃತರು. ಹಬ್ಬಕ್ಕೆ ಕರೆದರೆ ಬಂದು, ಸೋಫಾದ ತುದಿಯಲ್ಲಿ ಕೂತು, ಅರ್ಧ ಗ್ಲಾಸು ಜ್ಯೂಸು ಕುಡಿದು, "ಮಳೆ ಬರುವ ಹಾಗುಂಟು" ಎಂದು ಎದ್ದು ಹೋಗುವವರು. ಜನವರಿಯಲ್ಲಿ ಕೂಡ.

ಶುಕ್ರವಾರ ಓವನ್ ಖಾಲಿ ಮಾಡಿಸಿದೆ. ಒಣಮೀನುಗಳನ್ನು ಅತ್ತೆ ನಿರಾಶ್ರಿತರನ್ನು ಸಾಗಿಸುವ ಹಾಗೆ ಸ್ಟೀಲ್ ಡಬ್ಬಿಗಳಿಗೆ ಸಾಗಿಸಿದರು. ನಾನು ಓವನ್ನಿನ ಒಳಗೆಲ್ಲ ಸೋಪು ಹಾಕಿ ಒರೆಸಿದೆ, ವಿನೆಗರ್ ಹಾಕಿ ಒರೆಸಿದೆ, ಲಿಂಬೆ ಹೋಳಿನಿಂದ ತಿಕ್ಕಿದೆ, ಅಂಗಳದ ಬಿಸಿಲಿಗೆ ಇಟ್ಟೆ. ಸಂಜೆ ತಲೆ ಒಳಗೆ ಹಾಕಿ ಮೂಸಿದೆ. ಏನೂ ಇಲ್ಲ. ಅತ್ತೆಯನ್ನು ಕರೆದು ಮೂಸಿಸಿದೆ.

"ಎಂತ ವಾಸನೆಯೂ ಇಲ್ಲ ಮಾರಾಯ್ತಿ. ಆಸ್ಪತ್ರೆ ಹಾಗೆ ಉಂಟು" ಎಂದರು.

ಆಯುಷ್ಯವಿಡೀ ಮೀನಿನ ಮಧ್ಯೆ ಕೂತವರ ಮೂಗು ಒಂದು, ಅವರ ಜತೆ ಹತ್ತಾರು ವರ್ಷ ಬಾಳಿದ ಮೂಗು ಇನ್ನೊಂದು. ಇಂಥ ಎರಡು ಸಾಕ್ಷಿಗಳನ್ನು ನಂಬಿ ರಸಾಯನಶಾಸ್ತ್ರದ ಉಪನ್ಯಾಸಕಿ ತೀರ್ಪು ಕೊಟ್ಟಳು. ತಗಡಿನ ಸಂದಿಗಳಲ್ಲಿ ಇಂಗಿ ಕೂತ ಎಣ್ಣೆ ತಣ್ಣಗಿರುವಾಗ ಸುಮ್ಮನಿರುತ್ತದೆ, ಬಿಸಿಯಾದರೆ ಎದ್ದು ಬರುತ್ತದೆ ಎಂಬುದು ನಾನು ಮಕ್ಕಳಿಗೆ ಕಲಿಸುವ ಪಾಠದಲ್ಲೇ ಇದೆ. ಪರೀಕ್ಷೆಗೆ ಬರುತ್ತದೆ ಎಂದು ಹೇಳಿಯೂ ಕೊಡುತ್ತೇನೆ.

ಶನಿವಾರ ಕೇಕು ಬೆಂದಿತು. ಮೇಲೆ ಬಂಗಾರದ ಬಣ್ಣ, ಮಧ್ಯದಲ್ಲಿ ಪುಸ್ತಕದಲ್ಲಿರುವ ಹಾಗೆಯೇ ಉದ್ದಕ್ಕೆ ಒಂದು ಬಿರುಕು. ಲಿಂಬೆ ರಸಕ್ಕೆ ಸಕ್ಕರೆ ಪುಡಿ ಕಲಸಿ ಮೇಲೆ ಸುರಿದೆ. ಅದು ಇಳಿಯುವುದನ್ನು ನೋಡುತ್ತಾ ನನ್ನ ಮೇಲೆ ನನಗೆ ಅಪಾರ ಗೌರವ ಹುಟ್ಟಿತು.

ನನ್ನ ಅಮ್ಮ ಮತ್ತು ಅತ್ತಿಗೆ ಬಾಡಿಗೆ ಕಾರಿನಲ್ಲಿ ಬಂದಿಳಿದರು. ಅಮ್ಮ ಸೋಫಾದ ತುದಿಯಲ್ಲಿ ತಮ್ಮ ಎಂದಿನ ಜಾಗ ಹಿಡಿದರು. ಅತ್ತಿಗೆ ಕೇಕನ್ನು ಕಿಟಕಿಯ ಬಳಿಗೆ ಒಯ್ದು, ಪಕ್ಕದಲ್ಲಿ ಒಂದು ಲಿಂಬೆ ಇಟ್ಟು, ಒಂದು ದಾಸವಾಳ ಇಟ್ಟು, ದಾಸವಾಳ ತೆಗೆದು, ಫೋಟೋದ ಮೇಲೆ ಫೋಟೋ ತೆಗೆದರು. "ವಾವ್! ಲುಕ್ ತುಂಬ ಚಂದ ಬಂದಿದೆ" ಎಂದರು. ನಾನು ಕತ್ತರಿಸಿದೆ. ಹಿಟ್ಟು ಸವರಿದರೆ ಬೆರಿ ಮುಳುಗುವುದಿಲ್ಲ ಎಂದು ಆ ನಗುಮುಖದವಳು ಆಣೆ ಮಾಡಿದ್ದಳು. ಒಂದನ್ನೂ ಬಿಡದೆ ಎಲ್ಲ ತಳ ಸೇರಿದ್ದವು. ಪರವಾಗಿಲ್ಲ ಎಂದುಕೊಂಡು ತಟ್ಟೆಗಳಲ್ಲಿ ಕೊಟ್ಟೆ.

ಅತ್ತಿಗೆ ಒಂದು ತುಂಡು ಬಾಯಿಗಿಟ್ಟರು. ಅಗಿಯುವುದು ನಿಧಾನವಾಯಿತು. ಆಮೇಲೆ ನಿಂತಿತು.

"ಇದಕ್ಕೆ... ಎಂತ ಹಾಕಿದ್ದು?"

"ಲಿಂಬೆ, ಕಿತ್ತಳೆ, ಬೆರಿ. ಯಾಕೆ?"

ನಾನೂ ಒಂದು ತುಂಡು ತಿಂದೆ. ಮೊದಲು ಲಿಂಬೆ ಬಂತು, ಹಿಂದೆಯೇ ಸಕ್ಕರೆ, ಬೆರಿಯ ಹುಳಿ. ಅವೆಲ್ಲ ನಾಲಗೆಯಿಂದ ಇಳಿದು ಹೋದ ಮೇಲೆ, ಕೊನೆಯ ಬಸ್ಸಿನಲ್ಲಿ ಬಂದ ನೆಂಟನ ಹಾಗೆ, ಒಣಸಿಗಡಿ ಬಂತು. ಮೆಲ್ಲಗೆ, ಆದರೆ ನಿಸ್ಸಂದೇಹವಾಗಿ.

ನಾನು ಓವನ್ನಿನ ಇತಿಹಾಸ ಹೇಳಿ ನಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬಹಳ ಮೃದುವಾಗಿ, ಅತ್ತಿಗೆಯನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ಇರ್ಲಿ ಬಿಡು. ಮೀನಿನವರ ಮನೆಯಲ್ಲವಾ, ಒಂದು ವಾಸನೆ ಇರ್ತದೆ. ಅದು ಹೋಗುದಿಲ್ಲ."

ಕೆಟ್ಟ ಮಾತಾಗಿದ್ದರೆ ಸಿಟ್ಟು ಮಾಡಬಹುದಿತ್ತು. ಅದು ಕ್ಷಮಿಸುವ ಮಾತಾಗಿತ್ತು. ಅದೇ ಹೊತ್ತಿಗೆ ಅತ್ತೆ ಚಹಾದ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಟ್ರೇಯ ಲೋಟಗಳು ಒಮ್ಮೆ ಕಿಣಿಕಿಣಿ ಎಂದವು. ಮುಖದಲ್ಲಿ ಏನೂ ಇರಲಿಲ್ಲ. ಗಿರಾಕಿ ಮೀನು ಚೆನ್ನಾಗಿಲ್ಲ ಎಂದು ಎದ್ದು ಹೋಗುವಾಗ ಮಾರುವವರು ಮುಖವನ್ನು ಹೇಗೆ ಇಟ್ಟುಕೊಳ್ಳುತ್ತಾರೋ ಹಾಗೆ ಇತ್ತು.

ಇಂಥ ಮಾತುಗಳು ನನಗೆ ಹೊಸತಲ್ಲ. ಅವಕ್ಕೆಲ್ಲ ನಕ್ಕು ನಕ್ಕು ನನ್ನ ಕೆನ್ನೆಗೆ ಅಭ್ಯಾಸವಾಗಿತ್ತು. ಅಂದು ಯಾಕೋ ನಗು ಬರಲಿಲ್ಲ.

"ಅಮ್ಮ, ಇವತ್ತು ಮಧ್ಯಾಹ್ನ ಮನೆಯಲ್ಲಿ ಎಂತ ಪದಾರ್ಥ?" ಎಂದು ಕೇಳಿದೆ.

"ಬಂಗುಡೆ ಪುಳಿಮುಂಚಿ. ಯಾಕೆ?"

"ರಾತ್ರಿಗೆ?"

"ಕಾಣೆ ಮೀನು ಫ್ರೈ ಮಾಡ್ಬೇಕು ಅಂತ ಉಂಟು. ಇವಳು ದುಬೈಯಿಂದ ಬಂದಿದ್ದಾಳಲ್ಲ."

"ನಿಮ್ಮ ಮನೆಯಲ್ಲಿ ಮೂರು ಹೊತ್ತು ಬೇಯುವಾಗ ಅದು ಪರಿಮಳ. ನಮ್ಮ ಮನೆಗೆ ಬಂದ ಕೂಡಲೇ ಅದು ವಾಸನೆ. ಅಲ್ವಾ?"

ಅಮ್ಮನ ಕಿವಿ ಕೆಂಪಾಯಿತು. ಅತ್ತಿಗೆ ತಟ್ಟೆಯಲ್ಲಿದ್ದ ಬೆರಿಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ನಾನು ಇನ್ನೊಂದು ದೊಡ್ಡ ತುಂಡು ಕತ್ತರಿಸಿ ತಿನ್ನತೊಡಗಿದೆ. ಅಭಿಮಾನಕ್ಕಾಗಿ ಕೇಕು ತಿಂದವಳು ನಾನೊಬ್ಬಳೇ ಇರಬೇಕು.

ಅತ್ತೆ ಟ್ರೇಯನ್ನು ಮೇಜಿನ ಮೇಲಿಟ್ಟು, ಅಮ್ಮನ ಕೈಗೆ ಒಂದು ಲೋಟ ಕೊಟ್ಟು, ಅವರ ಎದುರಿನ ಕುರ್ಚಿಯಲ್ಲಿ ಕೂತರು. ಹಾಗೆ ಅವರು ಯಾವತ್ತೂ ಕೂತದ್ದಿಲ್ಲ.

"ಅವಳ ಮಾತು ಬಿಡಿ ಅಕ್ಕ. ನಿಮ್ಮ ಮೂಗು ಮಾತ್ರ ಭಾರಿ ಒಳ್ಳೆಯದು" ಎಂದರು. "ಮಾರ್ಕೆಟಿನಲ್ಲಿಯೂ ಹಾಗೆಯೇ. ಕಿವಿರು ಎತ್ತಿ, ಮೂಸಿ, ಬೆರಳಲ್ಲಿ ಒತ್ತಿ, ಇದು ನಿನ್ನೆಯದ್ದು ಅಂತ ಹೇಳ್ತಿದ್ರಿ. ಬೆಳಿಗ್ಗೆ ಬಂದ ಮೀನನ್ನು."

ನಾನು ಅಗಿಯುವುದನ್ನು ನಿಲ್ಲಿಸಿದೆ. ಅಮ್ಮ ಚಹಾ ಲೋಟ ಹಿಡಿದುಕೊಂಡೇ ಇದ್ದರು.

"ನಿಮಗೆ ಮೊದಲೇ ಒಬ್ಬರಿಗೊಬ್ಬರು ಗೊತ್ತಾ?" ಎಂದು ಅತ್ತಿಗೆ ಕೇಳಿದರು.

ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ನನ್ನ ಬಾಲ್ಯದುದ್ದಕ್ಕೂ ಅಮ್ಮ ತೊಕ್ಕೊಟ್ಟಿನಲ್ಲಿ ಮೀನು ತೆಗೆದುಕೊಂಡದ್ದು ಅತ್ತೆಯ ಬುಟ್ಟಿಯಿಂದ. ನಿಶ್ಚಿತಾರ್ಥದ ದಿನ ಇಬ್ಬರೂ ಎದುರೆದುರು ನಿಂತು, ಮೊದಲ ಬಾರಿ ಕಂಡವರ ಹಾಗೆ ಕೈಮುಗಿದಿದ್ದರು. ನಾನು ಪಕ್ಕದಲ್ಲೇ ಜರಿ ಸೀರೆ ಉಟ್ಟು ನಿಂತಿದ್ದೆ. ಅಮ್ಮ ಮರ್ಯಾದೆಗೆ ಅಂಜಿ ಗುರುತು ಹಿಡಿಯಲಿಲ್ಲ. ಅತ್ತೆ ಅಮ್ಮನ ಮರ್ಯಾದೆ ಉಳಿಸಲು ಗುರುತು ಹಿಡಿಯಲಿಲ್ಲ. ಆಮೇಲೆ ಅದೇ ರೂಢಿಯಾಗಿ ಹೋಯಿತು.

ಅಮ್ಮ ಲೋಟವನ್ನು ನೋಡುತ್ತಾ ಹೇಳಿದರು: "ನೀವು ಯಾವತ್ತೂ ಒಂದು ಮೀನು ಹೆಚ್ಚು ಹಾಕ್ತಿದ್ರಿ."

"ಹಾಕದಿದ್ರೆ ನೀವು ಏಳ್ತಿದ್ರಾ?"

ಅಮ್ಮ ನಕ್ಕರು. ಸೋಫಾದ ತುದಿಯ ನಗು ಅಲ್ಲ, ತವರಿನ ಅಡುಗೆಕೋಣೆಯಲ್ಲಿ ಮಾತ್ರ ನಾನು ಕೇಳಿದ್ದ ನಗು. ಕಣ್ಣೂ ಒದ್ದೆಯಾಗಿತ್ತು. "ತಪ್ಪಾಯ್ತು" ಎಂದರು. ಯಾವುದಕ್ಕೆ ಎಂದು ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ. ಅತ್ತೆ ಹೇಳಿದ್ದು ಇಷ್ಟೇ: "ವಾಸನೆ ಮಾತ್ರ ನಂದೇ ಅಕ್ಕ. ಆ ಪೆಟ್ಟಿಗೆಯಲ್ಲಿ ನಾನು ನುಂಗೆಲ್ ಮೀನ್ ಇಡುದು." ನುಂಗೆಲ್ ಎಂದರೆ ತುಳುವಿನಲ್ಲಿ ಒಣಮೀನು. ಅತ್ತಿಗೆ ತಮ್ಮ ಉಡುಗೊರೆಯ ಕಡೆ ತಿರುಗಿ ನೋಡಿದ ನೋಟವನ್ನು ಫೋಟೋ ತೆಗೆಯಬೇಕಿತ್ತು.

"ಓವನ್ನಿನಲ್ಲಿ ಒಣಮೀನಾ?"

"ಬೆಕ್ಕು ಉಂಟಲ್ಲ" ಎಂದು ಅತ್ತೆ ಮತ್ತು ಅಮ್ಮ ಒಟ್ಟಿಗೆ ಹೇಳಿದರು.

ಅಲ್ಲಿಂದ ಅವರಿಬ್ಬರೂ ಜಗಲಿಗೆ ಹೋದರು. ಈಗಿನ ಅಂಜಲ್ ಮೀನಿಗೆ ರುಚಿಯಿಲ್ಲ, ಐಸಿನಲ್ಲಿಟ್ಟ ಬೂತಾಯಿ ಬೂತಾಯಿಯೇ ಅಲ್ಲ, ಇತ್ಯಾದಿ ರಾಷ್ಟ್ರೀಯ ಸಮಸ್ಯೆಗಳನ್ನು ಚರ್ಚಿಸಿದರು. ನನ್ನ ಹಿಂದೆ ಅಡುಗೆಮನೆಗೆ ಬಂದ ಅತ್ತಿಗೆ ನಿಂತಲ್ಲೇ ಇನ್ನೊಂದು ತುಂಡು ತಿಂದರು. ನಾನು ಬೇಡವೆಂದರೂ ಕೇಳಲಿಲ್ಲ.

"ಅಲ್ಲಿ ನಮ್ಮ ಫ್ಲ್ಯಾಟಿನಲ್ಲಿ ಒಣಮೀನು ಸುಟ್ರೆ ಕೆಳಗಿನವರು ಕಂಪ್ಲೇಂಟ್ ಮಾಡ್ತಾರೆ ಗೊತ್ತುಂಟಾ?" ಎಂದರು. "ನಾನು ವಾರ ವಾರ ಕೇಕ್ ಮಾಡ್ತೇನೆ. ಮನೆ ಬೇಕರಿ ಹಾಗೆ ಆಗಿದೆ. ನಿನ್ನ ಅಣ್ಣನಿಗೆ ಕೇಕೇ ಇಷ್ಟ ಇಲ್ಲ." ಮತ್ತೆ ಸ್ವಲ್ಪ ಅಗಿದು, "ಸಿಗಡಿ ಚಟ್ನಿ ಮಾಡಿದ್ದುಂಟಾ?" ಎಂದು ಕೇಳಿದರು. ಇತ್ತು. ಬೆಳಿಗ್ಗೆಯ ಗಂಜಿಯೂ ಇತ್ತು. ದುಬೈಯ ಕೇಕು ತಜ್ಞೆ ನಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತು ಗಂಜಿ ಉಂಡು ಬೆರಳು ನೆಕ್ಕಿದರು. ಅದರ ಫೋಟೋ ಹಾಕಲಿಲ್ಲ. ಕೇಕಿನ ಫೋಟೋ ಮಾತ್ರ ಸಂಜೆಯೇ ಹಾಕಿದರು. ಪರಿಚಯವಿಲ್ಲದ ಜನರೆಲ್ಲ ಹೃದಯದ ಚಿಹ್ನೆ ಒತ್ತಿದರು. ಫೋಟೋಕ್ಕೆ ವಾಸನೆ ಇರುವುದಿಲ್ಲ, ಪುಣ್ಯ.

ಈಗ ಅಮ್ಮ ತಿಂಗಳಿಗೊಮ್ಮೆಯಾದರೂ ನೇತ್ರಾವತಿ ಸೇತುವೆ ದಾಟಿ, ಎರಡು ಬಸ್ಸು ಬದಲಾಯಿಸಿ ಕಾವೂರಿಗೆ ಬರುತ್ತಾರೆ. ನನ್ನನ್ನು ನೋಡಲು ಎಂದು ನಾನು ಮೊದಲು ತಿಳಿದಿದ್ದೆ. ನಾನು ಕಾಲೇಜಿನಲ್ಲಿರುವ ದಿನವೇ ಬರುತ್ತಾರೆ ಎಂಬುದು ಆಮೇಲೆ ಗಮನಕ್ಕೆ ಬಂತು. ಮೊನ್ನೆ ಅತ್ತೆಯನ್ನು ಆಟೋ ಹತ್ತಿಸಿಕೊಂಡು ಕೂಳೂರಿನ ಕಡೆಗೆ ಮೀನು ತರಲು ಹೋಗಿದ್ದರು. ಒಬ್ಬರು ಕಿವಿರು ಎತ್ತುತ್ತಾರೆ, ಇನ್ನೊಬ್ಬರು ಹೊಟ್ಟೆ ಒತ್ತುತ್ತಾರೆ, ಮಾರುವವಳಿಗೆ ಸಾಕುಬೇಕಾಗುತ್ತದೆ. ಅಂದು ನಾನು ಸಂಜೆ ಮನೆಗೆ ಬಂದಾಗ ಇಬ್ಬರೂ ಹಿತ್ತಲಿನಲ್ಲಿ ಕೂತು, ತಂದ ಬಂಗುಡೆಯನ್ನು ಕೊಯ್ಯುತ್ತಾ, ಅದು ನಿನ್ನೆಯದ್ದೋ ಇವತ್ತಿನದ್ದೋ ಎಂದು ಜಗಳವಾಡುತ್ತಿದ್ದರು. ನಾನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಚಹಾ ನಾನೇ ಮಾಡಿಕೊಂಡೆ.