ಅಜ್ಜಿ ಕಾವೇರಿ ಬೆರೆಸಿದ ಸಮುದ್ರ

ಇವತ್ತು ಬೆಳಗ್ಗೆ ನನ್ನ ಸೊಸೆ ಉಪ್ಪಿನ ಜಾಡಿ ತೊಳೆಯಲು ಹೊರಟಿದ್ದಳು. ಮಳೆಗಾಲದ ಥಂಡಿಗೆ ಕಲ್ಲುಪ್ಪು ನೀರೊಡೆದು ತಳದಲ್ಲಿ ರಾಡಿಯಾಗಿತ್ತು. "ಚೆಲ್ಲಿಬಿಡ್ತೀನಿ ಅತ್ತೆ, ಪ್ಯಾಕೆಟ್ಟಿಂದು ಇದೆಯಲ್ಲ" ಎಂದಳು. ನಾನು ಮುಚ್ಚಳ ತೆಗೆದು ಮೂಸಿದೆ. ಉಪ್ಪಿಗೆಲ್ಲಿಯ ವಾಸನೆ ಎಂದು ನೀವು ಕೇಳಬಹುದು. ನಾನೂ ವಿಜ್ಞಾನ ಓದಿದವಳೇ, ಅಷ್ಟು ಗೊತ್ತಿದೆ. ಆದರೂ ನೀರೊಡೆದ ಕಲ್ಲುಪ್ಪಿಗೆ ಒಂದು ವಾಸನೆ ಉಂಟು. ಅದು ಮೂಗಿಗೆ ತಾಗಿದರೆ ಸಾಕು, ಎಪ್ಪತ್ತರ ದಶಕದ ಮಂಡ್ಯದಲ್ಲಿ ನಮ್ಮ ಮನೆಯ ದೇವರ ಗೂಡಿನಲ್ಲಿದ್ದ ಒಂದು ಸೀಸೆ ಕಣ್ಣ ಮುಂದೆ ಬರುತ್ತದೆ. "ತಡಿಯಮ್ಮ, ಚೆಲ್ಲಬೇಡ" ಎಂದು ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಅವಳು ನನ್ನನ್ನು ಒಂದು ಸಲ ನೋಡಿ, ಕುಡಿಯುತ್ತಿದ್ದ ಕಾಫಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಬೇರೆ ಕೆಲಸಕ್ಕೆ ಹೋದಳು.

ಸಮುದ್ರಕ್ಕೂ ಮಂಡ್ಯಕ್ಕೂ ಏನು ಸಂಬಂಧ ಹೇಳಿ? ನಮಗೆ ನೀರು ಎಂದರೆ ಕಾವೇರಿ. ಅವಳು ನಾಲೆಯಲ್ಲಿ ಬರಬೇಕು, ಕಬ್ಬಿನ ಗದ್ದೆಗೆ ಹೋಗಬೇಕು. ಆಮೇಲೆ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತಿತ್ತು. ಗಾಳಿ ಬೀಸಿದ ದಿಕ್ಕಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬರುತ್ತಿದ್ದ ಬೀದಿ ನಮ್ಮದು. ಅಲ್ಲಿ ಹುಟ್ಟಿ ಬೆಳೆದ ನಾನು ಉಪ್ಪುನೀರನ್ನು ಕಂಡಿದ್ದು ಗಂಟಲು ನೋವಿಗೆ ಮುಕ್ಕಳಿಸುವಾಗ ಮಾತ್ರ.

ನಮ್ಮ ಮನೆಯ ಹೊರಕೋಣೆಯಲ್ಲಿ ಪುಟ್ಟಸ್ವಾಮಿ ಮೇಷ್ಟ್ರು ಬಾಡಿಗೆಗಿದ್ದರು. ಮಳವಳ್ಳಿಯವರು, ಒಂಟಿ ಮನುಷ್ಯ, ನಾನು ಓದುತ್ತಿದ್ದ ಕಾಲೇಜಿನಲ್ಲೇ ಜೀವಶಾಸ್ತ್ರ ಹೇಳುತ್ತಿದ್ದರು. ಒಂದು ದಿನ ತರಗತಿಯಲ್ಲಿ ಪಠ್ಯಪುಸ್ತಕ ಮುಚ್ಚಿಟ್ಟು, ದೊಡ್ಡ ದೊಡ್ಡವರೇ ಇನ್ನೂ ಪೂರ್ತಿ ಒಪ್ಪಿರದ ಒಂದು ಸಂಗತಿ ಹೇಳಿದರು. ನಮ್ಮ ಮೈಯ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಉಂಡದ್ದನ್ನು ಶಕ್ತಿ ಮಾಡುವುದು ಅವೇ, ನಾವು ಎಳೆದುಕೊಂಡ ಉಸಿರು ಕೊನೆಗೆ ಹೋಗಿ ಮುಟ್ಟುವುದೂ ಅಲ್ಲಿಗೇ. ವಿಚಿತ್ರವೆಂದರೆ, ಜೀವಕೋಶದ ನಡುವಿನ ಕೇಂದ್ರದಲ್ಲಿ ನಮ್ಮ ವಂಶವಾಹಿಗಳೆಲ್ಲ ಇದ್ದರೂ ಈ ಒಲೆಗಳು ತಮ್ಮದೇ ಒಂದಿಷ್ಟನ್ನು ಬೇರೆ ಇಟ್ಟುಕೊಂಡಿವೆ. ಯಾಕೆಂದರೆ ಅವು ಮೂಲದಲ್ಲಿ ನಮ್ಮವಲ್ಲ. ಕೋಟ್ಯಂತರ ವರ್ಷಗಳ ಹಿಂದೆ ನೀರಿನಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ ಒಂದು, ಇನ್ನೊಂದು ಕೋಶದೊಳಗೆ ಅತಿಥಿಯಾಗಿ ಹೊಕ್ಕು ಅಲ್ಲೇ ಉಳಿದುಬಿಟ್ಟಿತು.

ಹಿಂದಿನ ಬೆಂಚಿನಿಂದ ಮದ್ದೂರು ಕಡೆಯ ಬೋರೇಗೌಡ ಎದ್ದ. "ಸಾರ್, ನೆಂಟ ಅಂತ ಬಂದೋನು ಅಷ್ಟ್ ವರ್ಸ ಉಳ್ಕಂಡ್ರೆ, ಅವನ್ನ ನಮ್ ಕಡೆ ಮನೆ ಅಳಿಯ ಅಂತೀವಿ."

ತರಗತಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಅವರು 'ಮನೆ ಅಳಿಯ ಮೇಷ್ಟ್ರು' ಆದರು. ಮಾತು ಪೇಟೆಗೂ ಹಬ್ಬಿತು. ನಮ್ಮ ಪಕ್ಕದ ಮನೆಯಾಕೆ ಅಮ್ಮನ ಹತ್ತಿರ ಬಂದು, "ಮೈಯೊಳ್ಗೆ ಯಾರೋ ಸೇರ್ಕಂಡವ್ರೆ ಅಂತಾರಂತಲ್ಲ ಮೇಷ್ಟ್ರು, ತಾಯ್ತ ಕಟ್ಸುದ್ರೆ ಓಗ್ತದೆ ಕಣಮ್ಮ" ಎಂದು ಉಪಾಯ ಹೇಳಿ ಹೋದಳು. ಮೇಷ್ಟ್ರೂ ನಗುತ್ತಿದ್ದರು. ಆದರೆ ಪಾಠ ಹೇಳುವಾಗ ಅವರ ದನಿ ಕುಗ್ಗಿದ್ದು ನನಗೆ ತಿಳಿಯುತ್ತಿತ್ತು. ನಾನೊಬ್ಬಳು ಅವರ ಮಾತನ್ನು ನಂಬಿದ್ದೆ. ಯಾಕೆ ನಂಬಿದೆ ಎಂದು ಕೇಳಬೇಡಿ, ಅಷ್ಟು ಚೆನ್ನಾದ ಸಂಗತಿ ಸುಳ್ಳಾಗಬಾರದು ಎಂದು ನನಗೆ ಅನ್ನಿಸಿತ್ತು.

ರಜೆಯಲ್ಲಿ ಮೇಷ್ಟ್ರು ಕರಾವಳಿಗೆ ಹೋದರು. ಬರುವಾಗ ಒಂದು ದೊಡ್ಡ ಗಾಜಿನ ಸೀಸೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ನದಿ ಸಮುದ್ರ ಸೇರುವ ಅಳಿವೆಯ ನೀರು. ಒಳಗಿನ ಜೀವಗಳಿಗೆ ಗಾಳಿಯಾಡಲೆಂದು ಅರ್ಧ ಸೀಸೆ ಖಾಲಿ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿದ್ದರು. "ಸೋಮವಾರ ಬನ್ನಿ. ಒಂದೇ ಕೋಶದ ಜೀವ ಸಮುದ್ರದಲ್ಲಿ ಈಜೋದನ್ನ ತೋರಿಸ್ತೀನಿ. ನೋಡಿಬಿಟ್ಟು ಆಮೇಲೆ ನಗಿ" ಎಂದು ತರಗತಿಗೆ ಸಾರಿದರು. ಅವರ ಕೋಣೆಗೆ ಪಡುವಣದ ಬಿಸಿಲು ಬೀಳುತ್ತಿದ್ದರಿಂದ ಸೀಸೆಯನ್ನು ನಮ್ಮ ಅಡಿಗೆಮನೆಯ ತಂಪಿನಲ್ಲಿಟ್ಟರು. "ಇದೊಂದು ಕೆಟ್ಟರೆ ಈ ಹುಡುಗರು ನನ್ನ ಮಾತನ್ನ ಇನ್ನೆಂದೂ ನಂಬೋಲ್ಲ, ನೋಡ್ಕೊಳಮ್ಮ" ಎಂದು ನನಗೆ ಹೇಳಿ, ತಾಯಿಯನ್ನು ಕಂಡುಬರಲು ಮಳವಳ್ಳಿಗೆ ಹೋದರು.

ನಾನು ನೋಡಿಕೊಂಡೆ. ಆದರೆ ನನಗಿಂತ ಹೆಚ್ಚಾಗಿ ನಮ್ಮಜ್ಜಿ ನೋಡಿಕೊಂಡಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಹಲಗೂರಿನಲ್ಲಿ ಹುಟ್ಟಿ, ಯಲಿಯೂರಿಗೆ ಸೊಸೆಯಾಗಿ ಬಂದು, ಆಗ ಮಂಡ್ಯದಲ್ಲಿ ನಮ್ಮ ಜೊತೆಗಿದ್ದವಳು. ಸಮುದ್ರದ ನೀರೆಂದರೆ ಅವಳಿಗೆ ತೀರ್ಥ. ತೀರ್ಥವನ್ನು ನೆಲದ ಮೇಲಿಡುವುದುಂಟೇ? ಎತ್ತಿ ದೇವರ ಗೂಡಿನಲ್ಲಿಟ್ಟು, ಕುಂಕುಮ ಹಚ್ಚಿ, ಒಂದು ಕಣಗಲೆ ಹೂ ಮುಡಿಸಿದಳು. ದೇವರ ಮುಂದೆ ಅರೆ ತುಂಬಿದ ಪಾತ್ರೆ ಇಡುವುದು ನಮ್ಮ ಮನೆಯಲ್ಲಿ ಸಲ್ಲದು. ತೀರ್ಥ ಕಮ್ಮಿಯಾದರೆ ಹೊಳೆಯ ನೀರು ಬೆರೆಸಿ ತುಂಬಿಸುವುದು, ಹಾಗೆ ಬೆರೆತ ನೀರೂ ತೀರ್ಥವೇ ಆಗುವುದು ವಾಡಿಕೆ. ಭಾನುವಾರ ಮಧ್ಯಾಹ್ನ ಮೇಷ್ಟ್ರು ಬಂದು ನೋಡುತ್ತಾರೆ, ಸೀಸೆ ಕಂಠದವರೆಗೆ ತುಂಬಿದೆ.

"ಬತ್ತೋಗಿತ್ತು ಕಣಪ್ಪ, ಅದ್ಕೇ ಕಾವೇರಮ್ಮನ್ನ ಉಯ್ದೆ" ಎಂದಳು ಅಜ್ಜಿ. "ಎಂಗಿದ್ರೂ ಅವ್ಳು ಓಗಿ ಸೇರೋದು ಸಮುದ್ರಕ್ಕೇ ಅಲ್ವಾ? ಅಷ್ಟ್ ದೂರ ನಡೀಬೇಕಲ್ಲ ಪಾಪ, ಇಲ್ಲೇ ಸೇರ್ಸ್‌ಬುಟ್ಟೆ."

ಮೇಷ್ಟ್ರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು. ಉಪ್ಪಿನಲ್ಲಿ ಬದುಕಿದ ಕೋಶಕ್ಕೆ ಸಿಹಿನೀರು ನುಗ್ಗಿದರೆ ಅದು ಊದಿ ಒಡೆದುಹೋಗುತ್ತದೆ ಎಂದು ನನಗೆ ಮೆಲ್ಲಗೆ ಹೇಳಿದರು. ಆಮೇಲೆ ಒಳಗೆ ಹೋಗಿ ತಮ್ಮ ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕ ತಂದು, ಜಗಲಿಯ ಬಿಸಿಲಿಗೆ ಕನ್ನಡಿ ತಿರುಗಿಸಿದರು. ಒಂದು ಹನಿ ನೋಡಿದರು, ಒರೆಸಿದರು. ಇನ್ನೊಂದು, ಮತ್ತೊಂದು. ನಾನೂ ಇಣುಕಿದೆ. ಒಡೆದ ಚೂರುಗಳು, ಅಲುಗದ ಚುಕ್ಕೆಗಳು. ಅಜ್ಜಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿದು, ಸೆರಗಿನ ತುದಿ ಹಿಂಡುತ್ತ ಕಂಬಕ್ಕೆ ಒರಗಿ ನಿಂತಿದ್ದಳು. ಒಂದೇ ಒಂದು ಬದುಕಿರಲಿ ಎಂದು ನಾನು ಕಣಗಲೆ ಹೂ ಮುಡಿದ ಆ ಸೀಸೆಗೇ ಕೈ ಮುಗಿದೆ.

ಬಿಸಿಲು ಜಗಲಿ ಇಳಿಯುವ ಹೊತ್ತಿಗೆ ಮೇಷ್ಟ್ರು "ಓಹ್" ಎಂದರು.

ಗಾಜಿನಂಥ ಒಂದು ಮೈ, ಸುತ್ತಲೂ ಕೂದಲಿನಂಥ ಅಂಚು ಮಿಡಿಯುತ್ತ, ಸತ್ತ ಚೂರುಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು. ಹಿಂದೆಯೇ ಇನ್ನೊಂದು. ಮೇಷ್ಟ್ರು ತಲೆ ಚಚ್ಚಿಕೊಂಡು ನಕ್ಕರು. ಅಳಿವೆಯಲ್ಲಿ ಮಳೆಗಾಲಕ್ಕೆ ಹೊಳೆ ನುಗ್ಗುತ್ತದೆ, ಬೇಸಿಗೆಗೆ ಕಡಲು ನುಗ್ಗುತ್ತದೆ. ಸಿಹಿ ಉಪ್ಪು ಎರಡನ್ನೂ ತಡೆದು ಬಾಳಿದ ಜಾತಿ ಉಳಿದುಕೊಂಡಿತ್ತು. ನಾನು ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂದು ಅದು ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದೆ. ಒಂದು ಹನಿ ನೀರಿನಲ್ಲಿ ಎಂಥ ಬಾಳು!

"ಬನ್ನಿ ಅಜ್ಜಿ" ಎಂದರು ಮೇಷ್ಟ್ರು. ಅಜ್ಜಿ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಬಗ್ಗಿದಳು. "ಅಯ್ಯಯ್ಯೋ, ಓಡಾಡ್ತದಲ್ಲಾ ಇದು!"

"ಇದರೊಳಗೂ ಒಬ್ಬರಿದಾರೆ ಅಜ್ಜಿ. ಈ ಮಸೂರಕ್ಕೆ ಕಾಣೋಲ್ಲ. ಎಂದೋ ಹೊರಗಿನಿಂದ ಬಂದವರು. ಬರೋವಾಗ ತಮ್ಮ ಗಂಟು ತುಂಬ ತಂದಿದ್ದರು. ಒಂದೊಂದಾಗಿ ತೆಗೆದು ಈ ಮನೆಯ ದೊಡ್ಡ ಪೆಟ್ಟಿಗೆಗೆ ಹಾಕಿಬಿಟ್ಟರು ಅಂತ ಊಹೆ. ಈಗ ದಿನಾ ಒಲೆ ಉರಿಸ್ತಾರೆ. ನಮ್ಮ ಹುಡುಗರು ಅದನ್ನ ಮನೆ ಅಳಿಯ ಅಂತಾರೆ."

ಗಂಟು ಎಂದರೆ ವಂಶವಾಹಿಗಳು, ಪೆಟ್ಟಿಗೆ ಎಂದರೆ ಕೋಶದ ಕೇಂದ್ರ ಎಂದು ನನಗೆ ಹೊಳೆಯಿತು. ಅಜ್ಜಿ ಮಸೂರದಿಂದ ಕಣ್ಣು ತೆಗೆಯಲಿಲ್ಲ. "ಅಳಿಯ ಎಲ್ಲಿ ಬಂತು? ತಂದಿದ್ದೆಲ್ಲಾನೂ ಬಂದ್ ಮನೆ ಪೆಟ್ಗೆಗೆ ಆಕ್ಬುಟ್ಟು ಒಲೆ ಮುಂದೆ ಕೂತದೆ ಅಂದ್ರೆ, ಅದು ಸೊಸೆ ಕಣಪ್ಪ." ಬಗ್ಗಿದಲ್ಲಿಂದಲೇ ಕೇಳಿದಳು: "ಎಲ್ಲಾನೂ ಕೊಟ್ಬುಡ್ತಾ? ತನ್ಗೇ ಅಂತ ಏನೂ ಇಟ್ಕಳ್ನಿಲ್ವಾ?"

"ಒಂಚೂರು ಇಟ್ಕೊಂಡಿದೆ. ಉಸಿರಾಟಕ್ಕೆ ಬೇಕಾದ್ದು."

"ಅಂಗಾದ್ರೆ ಬದುಕ್ಕತದೆ ಬುಡು" ಎಂದಳು ಅಜ್ಜಿ. ಆ ಮಾತು ಹೇಳುವಾಗ ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸೋಮವಾರ ಬೋರೇಗೌಡ ಮಸೂರಕ್ಕೆ ಕಣ್ಣಿಟ್ಟವನು ಹಿಂದಿನವರು ತಳ್ಳಿದರೂ ಏಳಲಿಲ್ಲ. ಕೊನೆಗೆ ತಲೆಯೆತ್ತಿ, "ಸಾರ್, ಇದು ನನ್ನೊಳಗೂ ಇದ್ದದಾ?" ಎಂದು ಮೆತ್ತಗೆ ಕೇಳಿದ. "ಇದಲ್ಲಪ್ಪ, ಇದರೊಳಗೆ ಇರೋರು" ಎಂದರು ಮೇಷ್ಟ್ರು. ಅವನು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಯಾರೂ ನಗಲಿಲ್ಲ.

ಈಗ ಆ ಸಂಗತಿ ಮಕ್ಕಳ ಪಾಠದಲ್ಲೇ ಬಂದಿದೆ. ನಾನು ಮದುವೆಯಾಗಿ ಓದು ಬಿಟ್ಟರೂ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಕಡಲಿನ ಒಂಟಿಕೋಶದ ಜೀವಿಗಳಲ್ಲಿ ಈ ಗಂಟು ಒಬ್ಬೊಬ್ಬರದು ಒಂದೊಂದು ಥರವಂತೆ. ಕೆಲವು ಸಾಕಷ್ಟು ಉಳಿಸಿಕೊಂಡಿವೆ. ಕೆಲವಕ್ಕೆ ಉಳಿದದ್ದು ಬೆರಳಲ್ಲೆಣಿಸುವಷ್ಟು. ಕೆಲವು ಉಳಿದದ್ದನ್ನೂ ಚೂರು ಚೂರಾಗಿ ಇಟ್ಟುಕೊಂಡು, ಬೇಕಾದಾಗ ಹೊಲಿದುಕೊಳ್ಳುತ್ತವೆ. ಇನ್ನೊಬ್ಬರ ಮೈಯೊಳಗೆ ಬಾಳುವ ಒಂದಂತೂ ಪೂರ್ತಿ ಕೊಟ್ಟುಬಿಟ್ಟಿದೆಯಂತೆ, ಆದರೂ ಅದರ ಒಲೆ ಆರಿಲ್ಲ. ಓದಿದಾಗೆಲ್ಲ ಪುಸ್ತಕ ಮಡಚಿ, ಅಂದು ಜಗಲಿಯಲ್ಲಿ ಕೇಳಿದ ಆ ಪ್ರಶ್ನೆಗೆ ಮರಳುತ್ತೇನೆ. ನಮ್ಮಜ್ಜಿ ತನಗೆಂದು ಏನು ಇಟ್ಟುಕೊಂಡಿದ್ದಳೋ, ಕೇಳಲು ನನಗೆ ಆಗ ಹೊಳೆಯಲಿಲ್ಲ.

ಸೊಸೆ ಜಾಡಿಗೆಂದು ಮತ್ತೆ ಬಂದಳು. "ನೀನು ತವರಿಂದ ತಂದದ್ದರಲ್ಲಿ ನಿನಗೇ ಅಂತ ಏನು ಉಳಿಸಿಕೊಂಡಿದ್ದೀಯಮ್ಮ?" ಎಂದು ಕೇಳಿದೆ.

"ಓಲೆ ಬ್ಯಾಂಕಲ್ಲಿದೆ ಅತ್ತೆ" ಎಂದಳು ಗಾಬರಿಯಾಗಿ.

"ಒಡವೆ ಕೇಳಲಿಲ್ಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಯೋಚಿಸಿದಳು. "ಬೆಳಗ್ಗೆ ಕಾಫಿ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬಳೇ ಕೂರ್ತೀನಲ್ಲ, ಅದು. ನಮ್ಮಮ್ಮನೂ ಹಾಗೇ ಕೂರ್ತಿದ್ದರು. ಅವರಮ್ಮನೂ ಕೂರ್ತಿದ್ದರಂತೆ." ಜಾಡಿಗೆ ಕೈ ಚಾಚುತ್ತ, "ನೀವು ಕರೆಯೋ ತನಕ ಕೂರ್ತೀನಿ" ಎಂದಳು.

ಜಾಡಿ ನಾನೇ ತೊಳೆಯುತ್ತೇನೆ, ನೀನು ಹೋಗಿ ಕೂತ್ಕೊ ಎಂದೆ. ಕಟ್ಟೆಯ ಮೇಲಿದ್ದ ಕಾಫಿ ಆರಿತ್ತು. ಅದನ್ನು ಬಿಸಿ ಮಾಡಿಕೊಂಡು ಹೋಗಿ ಕೂತಳು. ಹಾಲಿನವನು ಬಂದ, ಕುಕ್ಕರು ಕೂಗಿತು, ನಾನು ಕರೆಯಲಿಲ್ಲ.